ಓದುಗರ ಪ್ರಶ್ನೆ, ಹಲ್ಲಿನ ಡಾಕ್ಟರ್ ಉತ್ತರ: ಅರಿಶಿನ, ದಾಳಿಂಬೆ ಸಿಪ್ಪೆ ಮತ್ತು ವಸಡಿನ ಬಾವು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಮದ್ದಿನ ಬಗ್ಗೆಯೇ ಇವೆ. ಬೆಳಗಾವಿಯಲ್ಲಿ ವಸಡಿನ ಚಿಕಿತ್ಸೆ ಮಾಡುತ್ತಾ, ಅದನ್ನೇ ಪಾಠ ಮಾಡುತ್ತಾ ಇರುವ ನನಗೆ ಇದು ಬಹಳ ಹತ್ತಿರದ ವಿಷಯ. ಅದಕ್ಕೇ ಬೇರೆ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ನಾಲ್ಕನ್ನು ತೆಗೆದುಕೊಂಡಿದ್ದೇನೆ.

ನಮ್ಮ ಅತ್ತೆಯವರಿಗೆ 62 ವರ್ಷ. ಹಲ್ಲುಜ್ಜಿದರೆ ರಕ್ತ ಬರುತ್ತದೆ. ನಮ್ಮ ಹೊಲದ ಅರಿಶಿನಕ್ಕೆ ಉಪ್ಪು, ಕೊಬ್ಬರಿ ಎಣ್ಣೆ ಕಲಸಿ ವಸಡಿಗೆ ತಿಕ್ಕುತ್ತಾರೆ. ಎರಡು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಇನ್ನೊಂದು ಮಾತು. ಅರಿಶಿನದ ಗುಣ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಡಾಕ್ಟರುಗಳು ಅದನ್ನೇ ಮತ್ತೆ ಲ್ಯಾಬಿನಲ್ಲಿ ಯಾಕೆ ಪರೀಕ್ಷೆ ಮಾಡುತ್ತೀರಿ?
— ಒಬ್ಬ ಸೊಸೆ, ರಾಯಬಾಗ ತಾಲೂಕು

ತಂಗಿ, ನಾನೂ ನಿಮ್ಮ ಕಡೆಯವಳೇ. ನಮ್ಮ ಮನೆಯಲ್ಲೂ ಅರಿಶಿನ ಬೆಳೆಯುತ್ತಿದ್ದರು. ಕೊಂಬು ಕುದಿಸುವ ದಿನಗಳಲ್ಲಿ ತಲೆಕೂದಲಿಗೂ ಅದೇ ವಾಸನೆ. ಒಣಗಿಸಿ, ಪಾಲಿಶ್ ಮಾಡಿಸಿ, ಸಾಂಗ್ಲಿ ಪೇಟೆಗೆ ಒಯ್ದು ಮಾರಿದ ದುಡ್ಡಿನಲ್ಲೇ ನನ್ನ ಕಾಲೇಜು ಫೀ ಕಟ್ಟಿದರು. ಹಾಗಾಗಿ ಅರಿಶಿನದ ಮೇಲೆ ನನಗೆ ಅಸಡ್ಡೆ ಇಲ್ಲ.

ಮೊದಲು ಅತ್ತೆಯವರ ವಿಷಯ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಪಾಚಿ ಕಟ್ಟುತ್ತದೆ. ಅದರ ಜೊತೆ ಹೋರಾಡಲು ದೇಹ ಅಲ್ಲಿಗೆ ರಕ್ತ ನುಗ್ಗಿಸುತ್ತದೆ. ವಸಡು ಕೆಂಪಾಗಿ, ಊದಿ, ಮುಟ್ಟಿದರೆ ರಕ್ತ ಬರುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಜೊತೆಯವರು ಇದನ್ನು ತೋರಿಸಿಕೊಟ್ಟರು. ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಬಾತುಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸರಿಹೋಯಿತು. ಯಾವ ಔಷಧವನ್ನೂ ಕೊಟ್ಟಿರಲಿಲ್ಲ.

ಆ ಪಾಚಿ ಹಳೆಯದಾದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅತ್ತೆಯವರ ಬಾಯಲ್ಲಿ ಅದೇ ಇರಬೇಕು. ಅರಿಶಿನ ಬಾವನ್ನು ಸ್ವಲ್ಪ ಇಳಿಸುತ್ತದೆ, ಆದರೆ ಆ ಕಲ್ಲು ಕದಲುವುದಿಲ್ಲ. ಅದಕ್ಕೇ ಎರಡು ದಿನ ಆರಾಮ, ಮೂರನೇ ದಿನ ಮತ್ತೆ ರಕ್ತ. ಒಮ್ಮೆ ಹಲ್ಲು ಕ್ಲೀನ್ ಮಾಡಿಸಿ, ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿ. ಸಕ್ಕರೆ ಜಾಸ್ತಿ ಇದ್ದರೆ ವಸಡು ಬೇಗ ಮಾಯುವುದಿಲ್ಲ. ಉಪ್ಪಿನ ಹರಳು ಹಾಕಿ ತಿಕ್ಕುವುದನ್ನು ಇವತ್ತೇ ಬಿಡಿಸಿ. ಅದು ವಸಡನ್ನು ಕೆತ್ತುತ್ತದೆ.

ಇನ್ನು ನಿಮ್ಮ ಎರಡನೇ ಮಾತು. ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ನಮ್ಮ ಅಜ್ಜಿಗೆ ಇದು ಗೊತ್ತಿತ್ತು ಎಂದಷ್ಟೇ ಹೇಳಿದ್ದರೆ ಗೆಲ್ಲಲು ಆಗುತ್ತಿರಲಿಲ್ಲ. ಹಳೆಯ ಸಂಸ್ಕೃತ ಗ್ರಂಥಗಳನ್ನೂ, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಮುಂದಿಟ್ಟರು. ಯಾರೋ ಪರೀಕ್ಷೆ ಮಾಡಿ ಬರೆದಿಟ್ಟಿದ್ದರು, ಅದು ಕೈಹಿಡಿಯಿತು.

ಅಜ್ಜಿಯ ಮಾತು ಎಲ್ಲಿ ನಿಜ ಎಂಬುದೂ ಪರೀಕ್ಷೆಯಿಂದಲೇ ಗೊತ್ತಾಗುತ್ತದೆ. ಬಾವು ಇಳಿಸುವ ಕೆಲಸದಲ್ಲಿ ಮುಖ್ಯವಾದ ಕರ್ಕ್ಯುಮಿನ್ ಎಂಬ ಹಳದಿ ಅಂಶ 100 ಗ್ರಾಂ ಅರಿಶಿನದಲ್ಲಿ ಸುಮಾರು 3 ಗ್ರಾಂ ಇರುತ್ತದೆ. ತಳಿ, ಮಣ್ಣು ಬದಲಾದರೆ ಅದೂ ಬದಲಾಗುತ್ತದೆ. ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ನಿಮ್ಮ ಅತ್ತೆ ಕೊಬ್ಬರಿ ಎಣ್ಣೆ ಸೇರಿಸಿದ್ದು ಬಹಳ ಸರಿ. ನಮ್ಮ ದೇಶದಲ್ಲಿ ಅರಿಶಿನದ ಮೌತ್‌ವಾಶ್ ಕೊಟ್ಟು ನೋಡಿದ ಕೆಲವು ಪ್ರಯೋಗಗಳಲ್ಲಿ ವಸಡಿನ ಬಾವು, ಬ್ಯಾಕ್ಟೀರಿಯಾ ಕೊಲ್ಲಲು ನಾವು ಬರೆದುಕೊಡುವ ಮೌತ್‌ವಾಶ್ ಆದ ಕ್ಲೋರ್‌ಹೆಕ್ಸಿಡಿನ್ ಕೊಟ್ಟಾಗಿನಷ್ಟೇ ಇಳಿದಿದೆ. ಅವು ಕೆಲವೇ ವಾರಗಳ ಸಣ್ಣ ಪ್ರಯೋಗಗಳು. ಹಲ್ಲು ಕ್ಲೀನ್ ಮಾಡಿಸಿದ ಮೇಲೆ ಅತ್ತೆಯವರು ಬೆರಳ ತುದಿಯಲ್ಲಿ ಮೆಲ್ಲಗೆ ಹಚ್ಚಿಕೊಳ್ಳುವುದಾದರೆ ನಾನು ಬೇಡ ಅನ್ನುವುದಿಲ್ಲ. ಹೊಲದ ಕೊಂಬನ್ನೇ ಕುಟ್ಟಿ ಬಳಸಿ. ಬಣ್ಣ ಕಟ್ಟಲೆಂದು ಸೀಸದ ಕ್ರೋಮೇಟ್ ಬೆರೆಸಿದ ಪುಡಿ ಸಿಕ್ಕಿಬಿದ್ದ ಪ್ರಕರಣಗಳಿವೆ.

ನಾನು ವಿಜಯಪುರದಲ್ಲಿ ದಂತವೈದ್ಯದ ಸ್ನಾತಕೋತ್ತರ ಪದವಿ ಎಂಡಿಎಸ್ ಓದುತ್ತಿದ್ದೇನೆ. ದಾಳಿಂಬೆ ಸಿಪ್ಪೆಯ ಸಾರ ತೆಗೆದು ಬ್ಯಾಕ್ಟೀರಿಯಾ ಬೆಳೆಸಿದ ಅಗರ್ (ಜೆಲ್ಲಿಯಂಥ ಪದಾರ್ಥ) ತಟ್ಟೆಯಲ್ಲಿ ಹಾಕಿದೆ. ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ 24 ಮಿ.ಮೀ. ಖಾಲಿ ವೃತ್ತ ಬಂತು. ಕ್ಲೋರ್‌ಹೆಕ್ಸಿಡಿನ್ ಸುತ್ತ 19 ಮಾತ್ರ. ಮೊಟ್ಟೆಯ ಬಿಳಿ ಪರೀಕ್ಷೆಯಲ್ಲೂ ಒಳ್ಳೆಯ ಫಲ ಬಂದಿದೆ. ಬಾವಿಗೂ ಗಾಯಕ್ಕೂ ಇದು ಕ್ಲೋರ್‌ಹೆಕ್ಸಿಡಿನ್‌ಗಿಂತ ಒಳ್ಳೆಯದು ಎಂದು ಬರೆಯಬಹುದಾ?
— ಒಬ್ಬ ವಿದ್ಯಾರ್ಥಿ

ತಮ್ಮಾ, ಹಾಗೆ ಬರೆಯಬೇಡ. ಕೆಲಸ ಒಳ್ಳೆಯದಿದೆ, ಮಾತು ಮಾತ್ರ ಅದನ್ನು ದಾಟಿ ಹೋಗಿದೆ.

ವೃತ್ತದ ಅಳತೆ ಔಷಧದ ಬಲವನ್ನಷ್ಟೇ ಹೇಳುವುದಿಲ್ಲ. ಅಗರ್‌ನಲ್ಲಿ ಅದು ಎಷ್ಟು ದೂರ ಹರಡುತ್ತದೆ ಎಂಬುದೂ ಅದರಲ್ಲಿ ಸೇರಿದೆ. ನೀರಿಗೆ ಒಗ್ಗುವ ವಸ್ತು ದೂರ ಹೋಗುತ್ತದೆ, ಎಣ್ಣೆಯಂಥದ್ದು ಅಲ್ಲೇ ಕೂರುತ್ತದೆ. ಬೇರೆ ಬೇರೆ ವಸ್ತುಗಳ ವೃತ್ತ ಹೋಲಿಸಿ ಇದು ಹೆಚ್ಚು, ಅದು ಕಡಿಮೆ ಅನ್ನುವುದು ಸರಿಯಾಗುವುದಿಲ್ಲ. ಸಾರವನ್ನು ಅರ್ಧಕ್ಕರ್ಧ ತೆಳುಮಾಡುತ್ತಾ ಹೋಗಿ, ಎಷ್ಟು ಕಡಿಮೆ ಹಾಕಿದರೂ ಬೆಳವಣಿಗೆ ನಿಲ್ಲುತ್ತದೆ ಎಂದು ನೋಡು. ಬಾಯಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ತೇಲುತ್ತಿರುವುದಿಲ್ಲ, ಪಾಚಿಯೊಳಗೆ ಅಡಗಿರುತ್ತದೆ. ಅಲ್ಲಿ ಅದನ್ನು ಕೊಲ್ಲಲು ಎಷ್ಟೋ ಪಟ್ಟು ಜಾಸ್ತಿ ಔಷಧ ಬೇಕು. ಮೇಲೆ ಜೊಲ್ಲು ಎಲ್ಲವನ್ನೂ ತೊಳೆಯುತ್ತಿರುತ್ತದೆ. ಕ್ಲೋರ್‌ಹೆಕ್ಸಿಡಿನ್ ಹಲ್ಲಿಗೆ, ಕೆನ್ನೆಯ ಒಳಗೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುವುದರಿಂದಲೇ ಅದಕ್ಕೆ ಅಷ್ಟು ಹೆಸರು.

ನೀನು ವಿಜಯಪುರದಲ್ಲಿ ಇರುವುದಕ್ಕೇ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಆ ಹಣ್ಣು ಎಲ್ಲಿಂದ ತಂದೆ? ವಿಜಯಪುರ, ಬಾಗಲಕೋಟೆ ತೋಟಗಳಲ್ಲಿ ದುಂಡಾಣು ಅಂಗಮಾರಿ ರೋಗಕ್ಕೆ ರೈತರು ತಾಮ್ರದ ಆಕ್ಸಿಕ್ಲೋರೈಡ್ ಮತ್ತು ಸ್ಟ್ರೆಪ್ಟೊಸೈಕ್ಲಿನ್ ಸಿಂಪಡಿಸುತ್ತಾ ಬಂದಿದ್ದಾರೆ. ಎರಡೂ ಬ್ಯಾಕ್ಟೀರಿಯಾ ಕೊಲ್ಲುವಂಥವೇ. ಅವು ಕೂರುವುದೂ ಸಿಪ್ಪೆಯ ಮೇಲೇ. ನಿನ್ನ 24 ಮಿ.ಮೀ.ನಲ್ಲಿ ಸಿಪ್ಪೆಯ ಒಗರಿನ ಪಾಲೆಷ್ಟು, ಸಿಂಪಡಣೆಯ ಪಾಲೆಷ್ಟು? ಸಿಂಪಡಣೆ ಇಲ್ಲದ ಗಿಡದ ಹಣ್ಣು ಹುಡುಕಿ ಮತ್ತೆ ಮಾಡಿ ನೋಡು. ತಳಿ ಭಗವಾ ಆಗಿದ್ದರೆ ಹಾಗೆ ಬರೆ, ಕಿತ್ತ ತಿಂಗಳನ್ನೂ ಬರೆ. ಗಿಡದ ಮಾದರಿಯನ್ನು ಗುರುತಿಸಿ, ಒಣಗಿಸಿ ಸಂಗ್ರಹದಲ್ಲಿ ಇಡಿಸು. ಬೆಳಗಾವಿಯ ನೆಹರು ನಗರದಲ್ಲಿ 2006ರಿಂದ ಇರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಗಿಡಮೂಲಿಕೆಗೆಂದೇ ಇರುವ ಜಾಗ. ಒಮ್ಮೆ ಹೋಗಿ ಕೇಳು.

ಸಾರ ಕರಗಿಸಿದ ದ್ರವವನ್ನು ಮಾತ್ರ ಹಾಕಿದ ತಟ್ಟೆ ಇಟ್ಟಿದ್ದೆಯಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಆಲ್ಕೋಹಾಲ್ ಪೂರ್ತಿ ಆರದಿದ್ದರೆ ಅದೂ ವೃತ್ತ ಕೊಡುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 20 ವರ್ಷದ ಹಿಂದೆ ನಾನು ಅರಿಶಿನದ ಸಾರ ಇಟ್ಟುಕೊಂಡು ವಸಡಿನ ಜೀವಕೋಶಗಳ ಮೇಲೆ ಕೆಲಸ ಮಾಡುತ್ತಿದ್ದೆ. ಎಂಟಿಟಿ ಪರೀಕ್ಷೆ ನಿನಗೆ ಗೊತ್ತಲ್ವಾ? ಹಳದಿ ದ್ರವ ಹಾಕಿದರೆ ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಗಾಢವಾದಷ್ಟೂ ಕೋಶ ಚೆನ್ನಾಗಿವೆ ಎಂದರ್ಥ. ನನ್ನ ತಟ್ಟೆಯಲ್ಲಿ ಅರಿಶಿನ ಹಾಕಿದ ಕುಳಿಗಳೆಲ್ಲ ಗಾಢ ನೇರಳೆ. ಕೋಶ ಹೆಚ್ಚುತ್ತಿವೆ, ಗಾಯ ಬೇಗ ಮಾಯುತ್ತದೆ ಎಂದು ಊರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. ಮರುದಿನ ನಮ್ಮ ಗೈಡ್ ಒಂದೇ ಮಾತು ಕೇಳಿದರು: "ಕೋಶವೇ ಇಲ್ಲದ ಕುಳಿಯಲ್ಲಿ ಹಾಕಿ ನೋಡಿದೆಯಾ?" ನೋಡಿರಲಿಲ್ಲ. ಹಾಕಿದೆ. ಅಲ್ಲೂ ನೇರಳೆ ಬಂತು. ಆ ಸಾರಕ್ಕೇ ಬಣ್ಣ ಬದಲಿಸುವ ಗುಣ ಇತ್ತು. ನಾಲ್ಕು ತಿಂಗಳ ಲೆಕ್ಕವನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದೆ. ಈ ಸಲ ಸಾರವನ್ನು ತೊಳೆದು ತೆಗೆದ ಮೇಲೆ ಬಣ್ಣ ಹಾಕಿದೆ, ಮೈಕ್ರೋಸ್ಕೋಪಿನ ಕೆಳಗೆ ಕೋಶಗಳನ್ನು ಎಣಿಸಿದೆ. ಫಲ ಬಂತು, ಮೊದಲಿನದಕ್ಕಿಂತ ಬಹಳ ಚಿಕ್ಕದು. ಆ ಚಿಕ್ಕ ಫಲವನ್ನೇ ಬರೆದೆ. ಅದನ್ನು ಇವತ್ತಿಗೂ ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಮೊಟ್ಟೆಯ ಬಿಳಿ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಬಿಸಿ ಮಾಡಿದಾಗ ಬಿಳಿ ಹೆಪ್ಪುಗಟ್ಟುವುದನ್ನು ಸಾರ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತೀರಿ. ಅಲ್ಲಿ ಕೋಶವಿಲ್ಲ, ರಕ್ತನಾಳವಿಲ್ಲ. ಬಾವು ಅನ್ನುವುದು ಇವೆಲ್ಲ ಸೇರಿ ಆಗುವ ಕೆಲಸ. ಬ್ಯಾಕ್ಟೀರಿಯಾದ ಹೊದಿಕೆಯ ಅಂಶ ಕೊಟ್ಟು ಕೋಶಗಳನ್ನು ಕೆರಳಿಸಿ, ಅವು ಬಿಡುವ, ಬಾವು ಹೆಚ್ಚಿಸುವ ಅಂಶಗಳಾದ ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಷ್ಟು ಇಳಿಯಿತು ಎಂದು ಅಳೆದರೆ ಬಾವಿನ ಮಾತು ಆಡಬಹುದು.

ಗಾಯ ಮಾಯುವ ಮಾತಿಗೆ ಬೇರೆಯೇ ಪರೀಕ್ಷೆ ಬೇಕು. ತಟ್ಟೆಯಲ್ಲಿ ಒತ್ತಾಗಿ ಬೆಳೆದ ಕೋಶಗಳ ನಡುವೆ ಪಿಪೆಟ್ ತುದಿಯಿಂದ ಒಂದು ಗೆರೆ ಎಳೆ. 24 ಗಂಟೆಯಲ್ಲಿ ಎರಡೂ ದಂಡೆಯ ಕೋಶಗಳು ತೆವಳಿ ಬಂದು ಆ ಗೆರೆಯನ್ನು ಎಷ್ಟು ಮುಚ್ಚಿದವು ಎಂದು ನೋಡು. ಮೊದಲ ಸಲ ಅದನ್ನು ಕಂಡಾಗ ನನಗೆ ಮಳೆಗಾಲದಲ್ಲಿ ಕಾಲುದಾರಿಯನ್ನು ಹುಲ್ಲು ಮುಚ್ಚುವುದು ನೆನಪಾಯಿತು. ಇದನ್ನು ತಪ್ಪದೆ ಮಾಡು. ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ವಸಡಿನ ಕೋಶವನ್ನೂ ಕೊಲ್ಲಬಹುದು. ತಟ್ಟೆಯಲ್ಲಿ ಕ್ಲೋರ್‌ಹೆಕ್ಸಿಡಿನ್ ಅದನ್ನೇ ಮಾಡುತ್ತದೆ. ನಿನ್ನ ದಾಳಿಂಬೆ ಅಲ್ಲಿ ಅದಕ್ಕಿಂತ ಮೃದು ಎಂದು ಗೊತ್ತಾದರೆ ಈ 24 ಮಿ.ಮೀ.ಗಿಂತ ಅದು ದೊಡ್ಡ ಸುದ್ದಿ.

ಮುಂದೆ ಜನರ ಬಾಯಲ್ಲಿ ನೋಡುವ ಹಂತ ಬಂದರೆ ಮೊದಲ ರೋಗಿ ಸೇರುವ ಮುಂಚೆಯೇ ನಮ್ಮ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ ಸಿಟಿಆರ್‌ಐನಲ್ಲಿ ನೋಂದಾಯಿಸು. 2009ರಿಂದ ಅದು ಕಡ್ಡಾಯ. ಎರಡೂ ಗುಂಪಿಗೆ ಹಲ್ಲು ಕ್ಲೀನ್ ಮಾಡಿಸಿರಬೇಕು. ಯಾರಿಗೆ ಯಾವ ಬಾಟಲಿ ಎಂದು ಅಳೆಯುವವನಿಗೆ ತಿಳಿದಿರಬಾರದು. ಪ್ರಯೋಗಕ್ಕೆ ಸೇರಿದವರು ಮಾಮೂಲಿಗಿಂತ ಚೆನ್ನಾಗಿ ಹಲ್ಲುಜ್ಜುತ್ತಾರೆ. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಪುಣ್ಯವೆಲ್ಲ ದಾಳಿಂಬೆಗೆ ಹೋಗುತ್ತದೆ.

ದವಡೆ ನೋವಿಗೆ ಲವಂಗದ ಎಣ್ಣೆಯಲ್ಲಿ ಹತ್ತಿ ನೆನೆಸಿ ರಾತ್ರಿಯಿಡೀ ಇಟ್ಟುಕೊಂಡೆ. ಬೆಳಿಗ್ಗೆ ವಸಡು ಬೆಳ್ಳಗಾಗಿ ಸುಲಿದಿತ್ತು. ಯಾಕೆ ಹೀಗಾಯಿತು?
— ಬಾಗಲಕೋಟೆಯಿಂದ ಒಬ್ಬರು

ಸುಟ್ಟಿದೆ. ಲವಂಗದ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್. ನಾವೂ ಅದನ್ನು ಬಳಸುತ್ತೇವೆ, ಸತುವಿನ ಆಕ್ಸೈಡ್ ಜೊತೆ ಕಲಸಿ ಹಲ್ಲಿನ ಕುಳಿಗೆ ತುಂಬುತ್ತೇವೆ. ಕಲಸಿದಾಗ ಅದು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ನೇರವಾಗಿ ರಾತ್ರಿಯಿಡೀ ಇಟ್ಟರೆ ಅದೇ ಔಷಧ ಚರ್ಮ ಸುಡುತ್ತದೆ. ಒಂದು ವಾರ ಖಾರ ಬಿಡಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಎರಡು ವಾರದಲ್ಲೂ ಮಾಯದಿದ್ದರೆ ತೋರಿಸಲೇಬೇಕು. ನೋವಿನ ಹಲ್ಲನ್ನಂತೂ ಈ ವಾರವೇ ತೋರಿಸಿ.

50 ವರ್ಷದಿಂದ ಮಿಶ್ರಿಯಿಂದಲೇ ಹಲ್ಲು ತಿಕ್ಕುತ್ತೇನೆ. ಅದೂ ಎಲೆಯಿಂದಲೇ ಮಾಡಿದ್ದು. ಒಮ್ಮೆಯೂ ವಸಡಿನಲ್ಲಿ ರಕ್ತ ಕಂಡಿಲ್ಲ. ಈಗ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿವೆ. ವಯಸ್ಸಿನಿಂದ ಇರಬಹುದಾ?
— ಒಬ್ಬ ಹಿರಿಯರು, ಚಿಕ್ಕೋಡಿ

ಕಾಕಾ, ರಕ್ತ ಬರದಿದ್ದದ್ದೇ ನಿಮಗೆ ಮೋಸ ಮಾಡಿದೆ. ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ಅದರ ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಒಳಗೆ ಬಾವು ಇದ್ದರೂ ಹೊರಗೆ ರಕ್ತ ಕಾಣುವುದಿಲ್ಲ. ಅಷ್ಟರಲ್ಲಿ ಹಲ್ಲು ಹಿಡಿದಿರುವ ಎಲುಬು ಕರಗುತ್ತಾ ಹೋಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲೂ ಹೀಗೇ ಕಾಣುತ್ತೇವೆ. ಮೇಲಿನ ವಿದ್ಯಾರ್ಥಿಗೆ ಬಾವು ಬೇರೆ, ಗಾಯ ಮಾಯುವುದು ಬೇರೆ ಎಂದು ಹೇಳಿದ್ದು ನಿಮ್ಮ ಬಾಯಲ್ಲಿ ಎದುರಿಗೇ ಇದೆ. ಬಾವಿನ ಗುರುತು ಮರೆಯಾಗಿದೆ, ಒಳಗೆ ಏನೂ ಮಾಯ್ದಿಲ್ಲ.

ವಯಸ್ಸಾದ ಮಾತ್ರಕ್ಕೆ ಹಲ್ಲು ಅಲ್ಲಾಡುವುದಿಲ್ಲ ಕಾಕಾ. ವಸಡು ಮತ್ತು ಹಲ್ಲಿನ ನಡುವೆ ಸಣ್ಣ ಅಳತೆಕಡ್ಡಿ ಇಳಿಸಿ ನೋಡುತ್ತೇವೆ. 1ರಿಂದ 3 ಮಿ.ಮೀ. ಇದ್ದರೆ ಆರೋಗ್ಯ. ನಿಮ್ಮದು ಎಷ್ಟಿದೆ ಎಂದು ಅಳೆದು, ಎಕ್ಸ್-ರೇ ತೆಗೆದ ಮೇಲೆ ಆ ಎರಡು ಹಲ್ಲು ಉಳಿಯುತ್ತವೋ ಇಲ್ಲವೋ ಹೇಳಬಹುದು. ಮಿಶ್ರಿ ಬಿಟ್ಟ ಮೊದಲ ಕೆಲವು ವಾರ ವಸಡಿನಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ಅದನ್ನು ನೋಡಿ ಹೆದರಿ ಮತ್ತೆ ಮಿಶ್ರಿಗೆ ಹೋಗಬೇಡಿ. ರಕ್ತನಾಳ ಮತ್ತೆ ತೆರೆದುಕೊಂಡಿದೆ ಅಷ್ಟೇ. ಕಡ್ಡಿಯಿಂದ ಉಜ್ಜುವುದೇ ರೂಢಿಯಾಗಿದ್ದರೆ ಬೇವಿನ ಎಳೆ ಕಡ್ಡಿಯ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು ಬಳಸಿ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಅಥವಾ ಕೆಂಪು ಕಲೆ ಇದೆಯಾ ಎಂದು ಮಗನಿಗೆ ಹೇಳಿ ಟಾರ್ಚ್ ಹಾಕಿಸಿ ನೋಡಿಸಿ. ಇದ್ದರೆ ಒಂದು ದಿನವೂ ತಡ ಮಾಡಬೇಡಿ. ಡಾಕ್ಟರ್ ಹತ್ತಿರ ಹೋಗುವಾಗ ತಿಂಡಿ ತಿಂದು, ಬಿಪಿ ಮಾತ್ರೆ ಇದ್ದರೆ ತೆಗೆದುಕೊಂಡೇ ಹೋಗಿ. ಹಳೆಯ ಚೀಟಿಗಳನ್ನೂ ಜೊತೆಗೆ ಒಯ್ಯಿರಿ.