ನ್ಯೂಜೆರ್ಸಿ ಗೋದಾಮಿನ ದೂರು ಯಾರಿಗೆ?
ಖಾಸಗಿ ಗೋದಾಮಿನಲ್ಲಿ ಬ್ರೇಕ್ ಕೆಟ್ಟ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದಾರೆ, ದೂರು ರಾಜ್ಯಕ್ಕೋ ಕೇಂದ್ರಕ್ಕೋ ಎಂದು ಕೇಳಿದ್ದೀರಿ. ನೇರವಾಗಿ ಫೆಡರಲ್ ಓಷಾಗೆ (OSHA, ಕೆಲಸದ ಸ್ಥಳದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ) ಕೊಡಿ. ಕೆಲಸಗಾರರ ಸುರಕ್ಷತೆಯ 1970ರ ಕಾಯ್ದೆಯಡಿ ರಾಜ್ಯಗಳು ತಮ್ಮದೇ ಸುರಕ್ಷತಾ ವ್ಯವಸ್ಥೆ ನಡೆಸಬಹುದು. ಅದು ಕೇಂದ್ರದ್ದಕ್ಕಿಂತ ಸಡಿಲವಾಗಿರಬಾರದು, ಅಷ್ಟೇ. ಕ್ಯಾಲಿಫೋರ್ನಿಯಾದ್ದು ಖಾಸಗಿ ಕೆಲಸಗಾರರಿಗೂ ಅನ್ವಯಿಸುತ್ತದೆ. ನ್ಯೂಜೆರ್ಸಿಯದು ರಾಜ್ಯ ಮತ್ತು ಸ್ಥಳೀಯ ಸರ್ಕಾರಿ ನೌಕರರಿಗೆ ಮಾತ್ರ. ಜನ ಎಡವುವುದು ಇಲ್ಲೇ.

ದೂರನ್ನು ಬರೆದು, ಸಹಿ ಹಾಕಿಯೇ ಕೊಡಿ. ಸಹಿಯಿಲ್ಲದಿದ್ದರೆ ಸಾಮಾನ್ಯವಾಗಿ ಮಾಲೀಕರಿಗೆ ಫೋನ್ ಮಾಡಿ ಅಥವಾ ಪತ್ರ ಬರೆದು ವಿಚಾರಿಸುತ್ತಾರೆ, ತಪಾಸಕರು ಸ್ಥಳಕ್ಕೆ ಬರುವುದು ಕಡಿಮೆ. ಹೆಸರು ಮಾಲೀಕರಿಗೆ ತಿಳಿಸಬೇಡಿ ಎಂದು ಅರ್ಜಿಯಲ್ಲೇ ಕೇಳಬಹುದು. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ 30 ದಿನದೊಳಗೆ ಓಷಾಗೆ ಪ್ರತ್ಯೇಕ ದೂರು ಸಲ್ಲಿಸಬೇಕು. ದಯವಿಟ್ಟು ಈ ಗಡುವು ಮೀರಲು ಬಿಡಬೇಡಿ.