ರೆಟಾಟ್ರುಟೈಡ್, ಎಒಡಿ-9604, ಮಾಟ್ಸ್-ಸಿ: ತೂಕಕ್ಕೆ ಯಾವುದು ತಗೊಳ್ಳಲಿ?

ತೂಕ ಜಾಸ್ತಿ, ಜೊತೆಗೆ ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು), ಆನ್‌ಲೈನ್‌ನಲ್ಲಿ ಈ ಮೂರೂ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಸಿಗುತ್ತವೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಿಮ್ಮ ಹಾಗೇ ಹುಡುಕಾಡಿ ಒಂದು ವಯಲ್ ತರಿಸಿಕೊಂಡಿದ್ದವನು, ಅಷ್ಟೇ.

ಮೊದಲು, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಒಡಿ-9604 ಬೆಳವಣಿಗೆಯ ಹಾರ್ಮೋನಿನ ಒಂದು ತುಣುಕು. ಜನರ ಮೇಲೆ ಪ್ರಯೋಗ ಆಗಿದೆ, ಹೇಳಿಕೊಳ್ಳುವಷ್ಟು ತೂಕ ಇಳಿಯಲಿಲ್ಲ, ಬೊಜ್ಜಿನ ಔಷಧಿಯಾಗಿ ಅದನ್ನು 2007ರಲ್ಲೇ ಕೈಬಿಟ್ಟರು. ಮಾಟ್ಸ್-ಸಿ ಬೆಳಕಿಗೆ ಬಂದದ್ದು 2015ರಲ್ಲಿ. ಕೊಬ್ಬು ತಿನ್ನಿಸಿದ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು, ನಿಜ. ಆದರೆ ನಾವು ಇಲಿಗಳಲ್ಲ ಅಲ್ವಾ?

ರೆಟಾಟ್ರುಟೈಡ್ ಕಥೆ ಬೇರೆ. ಜಿಎಲ್‌ಪಿ-1, ಜಿಐಪಿ, ಗ್ಲುಕಗಾನ್ ಅನ್ನುವ ಮೂರು ಹಾರ್ಮೋನುಗಳ ರಿಸೆಪ್ಟರ್‌ಗಳನ್ನೂ, ಅಂದರೆ ಅವು ಜೀವಕೋಶದಲ್ಲಿ ಅಂಟಿಕೊಳ್ಳುವ ಜಾಗಗಳನ್ನೂ, ಅದು ತಟ್ಟುತ್ತದೆ. 2023ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ ವಾರಕ್ಕೆ 12 ಮಿಲಿಗ್ರಾಂ ತಗೊಂಡವರ ತೂಕ 48 ವಾರದಲ್ಲಿ ಸರಾಸರಿ ಶೇ. 24ರಷ್ಟು ಇಳಿಯಿತು. ಇದನ್ನು ಓದಿಯೇ ನಾನೂ ಮರುಳಾಗಿದ್ದು. ಅದೇ ಪ್ರಯೋಗದಲ್ಲಿ ಎದೆಬಡಿತ ಹೆಚ್ಚಾಗಿದ್ದೂ ಇತ್ತು, 2ರ ಬದಲು 4 ಮಿಲಿಗ್ರಾಂನಿಂದ ಶುರು ಮಾಡಿದವರಿಗೆ ಹೊಟ್ಟೆಯ ತೊಂದರೆ ಜಾಸ್ತಿ ಆಗಿದ್ದೂ ಇತ್ತು. ಅದನ್ನೆಲ್ಲ ಆಮೇಲೆ ಓದಿದೆ!

ನನಗೆ ಬಂದದ್ದು ಬೆರಳುದ್ದದ ಗಾಜಿನ ವಯಲ್. ತಳದಲ್ಲಿ ಬಿಳಿ ಪುಡಿ, ಲೇಬಲ್ ಮೇಲೆ 10 ಮಿಲಿಗ್ರಾಂ, ಕೆಳಗೆ ಸಣ್ಣಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ’. ನೀರು ನಾವೇ ಬೆರೆಸಬೇಕು. 2 ಎಂಎಲ್ ಬೆರೆಸಿದರೆ ಯು-100 ಇನ್ಸುಲಿನ್ ಸಿರಿಂಜಿನ (ಅದರಲ್ಲಿ 100 ಯೂನಿಟ್ ಅಂದರೆ 1 ಎಂಎಲ್) 40 ಯೂನಿಟ್ ಗೆರೆಗೆ 2 ಮಿಲಿಗ್ರಾಂ ಬರುತ್ತದೆ. 1 ಎಂಎಲ್ ಬೆರೆಸಿ ಅದೇ ಗೆರೆವರೆಗೆ ಎಳೆದರೆ 4. ನಾನು ಒಂದೇ ಎಂಎಲ್ ಹಾಕಿ 40ಕ್ಕೆ ಎಳೆದುಬಿಟ್ಟಿದ್ದೆ, ಚುಚ್ಚಿಕೊಳ್ಳುವ ಮೊದಲು ಸುಮ್ನೆ ಇನ್ನೊಮ್ಮೆ ಲೆಕ್ಕ ಹಾಕಿದ್ದಕ್ಕೆ ಗೊತ್ತಾಯಿತು. ಅದೂ ಪುಡಿ ನಿಜವಾಗಿ 10 ಮಿಲಿಗ್ರಾಂ ಇದ್ದರೆ, ಒಳಗೆ ಬೇರೇನೂ ಬೆರೆತಿಲ್ಲದಿದ್ದರೆ. ಕೈ ನಡುಗಿತು, ಎಸೆದೆ.

ಈಗ ಡಾಕ್ಟರ್ ಬರೆದುಕೊಟ್ಟ ಸೆಮಾಗ್ಲುಟೈಡ್ ತಗೊಳ್ಳುತ್ತಿದ್ದೇನೆ. ಅದೂ ಪೆಪ್ಟೈಡೇ, ಆದರೆ ಜಿಎಲ್‌ಪಿ-1ರ ರಿಸೆಪ್ಟರನ್ನು ಮಾತ್ರ ತಟ್ಟುತ್ತದೆ. ಡೋಸ್ ಏರಿಸಿದಾಗಲೆಲ್ಲ ಎರಡು ದಿನ ವಾಕರಿಕೆ. ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ, ಒಂದು ಪ್ರಯೋಗದಲ್ಲಿ ನಿಲ್ಲಿಸಿದ ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ಮರಳಿತ್ತು. ಇದನ್ನೂ ಯೋಚಿಸಿಯೇ ಶುರು ಮಾಡಿ.

ಡಾಕ್ಟರ್ ಹತ್ತಿರ ಹೋದಾಗ ಮನೆಯಲ್ಲಿ ಯಾರಿಗಾದರೂ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ, ನಿಮಗೆ ಯಾವಾಗಲಾದರೂ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿತ್ತಾ ಅನ್ನುವುದನ್ನು ಮರೆಯದೆ ಹೇಳಿ. ನನಗೆ ವಯಲ್ ಮಾರಿದವರು ಕೇಳಿದ್ದು ವಿಳಾಸ ಮಾತ್ರ.