ಬಾಗಲಕೋಟೆಯಲ್ಲಿ ಮನೆಯಲ್ಲೇ ಕೂತು ಆನ್‌ಲೈನ್ ಥೆರಪಿಸ್ಟ್ ಜೊತೆ ಮಾತಾಡಿದರೆ ಉಪಯೋಗ ಇದೆಯಾ?

ಇದೆ. ಆದರೆ ಅವರು ಸುಮ್ನೆ ಬುದ್ಧಿ ಹೇಳುವವರಾಗಿರಬಾರದು. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಬೆಳೆಸಿದ ಪದ್ಧತಿಯಲ್ಲಿ ಯಾವ ವಿಷಯ ಮಾತಾಡಬೇಕು ಅನ್ನೋದು ನಿಮ್ಮ ಕೈಯಲ್ಲಿ. ಥೆರಪಿಸ್ಟ್ ತಪ್ಪು-ಸರಿ ಅನ್ನದೆ ಕೇಳುತ್ತಾರೆ. ಬೇರೆ ಕೆಲವು ಪದ್ಧತಿಗಳಲ್ಲಿ ಮನೆಯಲ್ಲಿ ಮಾಡೋಕೆ ಕೆಲಸವನ್ನೂ ಕೊಡುತ್ತಾರೆ. "ರಾತ್ರಿ ನಿದ್ದೆ ಬರಲ್ಲ" ಅಂದರೆ, ಮಲಗಿದ ಹೊತ್ತು, ಎದ್ದ ಹೊತ್ತು, ತಲೆಯಲ್ಲಿ ಓಡಿದ ವಿಚಾರ ಎಲ್ಲ ಒಂದು ವಾರ ಬರೆದಿಡಿ ಅನ್ನಬಹುದು. ಮುಂದಿನ ಮಾತು ಅದನ್ನು ಇಟ್ಟುಕೊಂಡೇ. ಹೊಂದದಿದ್ದರೆ ನೇರವಾಗಿ ಹೇಳಿ.

ನಮ್ಮ ಕಡೆ ದೊಡ್ಡ ತೊಂದರೆ ಜಾಗದ್ದು. ಪಡಸಾಲೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಅಲ್ವಾ? ಮಾಳಿಗೆ ಹತ್ತಿ, ಇಯರ್‌ಫೋನ್ ಹಾಕಿಕೊಂಡು, ವಿಡಿಯೋ ಬಂದ್ ಮಾಡಿಯೂ ಮಾತಾಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ. ಜೀವವೇ ಬೇಡ ಅನ್ನಿಸಿದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.